ಓಶನ್ ಗ್ರೋವ್: 114 ಗುಡಾರಗಳ ಕುಟುಂಬ ಶಿಬಿರ ಇನ್ನೂ ಹೇಗೆ ನಿಂತಿದೆ?

ಜಗಲಿಕಟ್ಟೆ:
ಅಮೆರಿಕದ ನ್ಯೂಜೆರ್ಸಿ ಕಡಲತೀರದ ಓಶನ್ ಗ್ರೋವ್ ಎಂಬ ಕ್ರೈಸ್ತ ಶಿಬಿರದ ಊರಿನ ಬಗ್ಗೆ ಕನ್ನಡದಲ್ಲಿ ಸಿಗುವುದೆಲ್ಲ ಪ್ರವಾಸದ ಫೋಟೋ ಮತ್ತು ನಾಲ್ಕು ಸಾಲು. ಬೇಕಾದದ್ದು ಅದಲ್ಲ. ಮೂರು ಪ್ರಶ್ನೆ ಇವೆ. ಒಂದು, ಇದು ಶುರುವಾದದ್ದು ಹೇಗೆ, ಯಾರಿಂದ? ಎರಡು, ಒಂದು ಸಂಸಾರ ಇಡೀ ಬೇಸಿಗೆ ಗುಡಾರದಲ್ಲಿ ಇರುತ್ತದೆ ಎಂದರೆ ನೀರು, ಒಲೆ, ಕಕ್ಕಸು ಇವೆಲ್ಲ ಎಲ್ಲಿ? ಮೂರನೆಯದು ಮುಖ್ಯ: ಅಮೆರಿಕದ ಇಂಥ ಶಿಬಿರಗಳಲ್ಲಿ ಹೆಚ್ಚಿನ ಕಡೆ ಬಟ್ಟೆಯ ಗುಡಾರ ಹೋಗಿ ಮರದ ಮನೆ ಬಂತು. ಇಲ್ಲಿ 114 ಗುಡಾರ ಇನ್ನೂ ಪ್ರತಿ ವರ್ಷ ಏಳುತ್ತವೆ. ಯಾಕೆ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಹಳೆಕಡತ:
ಮೊದಲ ಪ್ರಶ್ನೆ ನಾನು ಹಿಡಿದುಕೊಳ್ಳುತ್ತೇನೆ.

ಬೇರು ಇರುವುದು ಕೆಂಟಕಿಯ ಕೇನ್ ರಿಜ್‌ನಲ್ಲಿ, 1801ರ ಆಗಸ್ಟಿನಲ್ಲಿ. ಅಲ್ಲಿ ನಡೆದದ್ದು ಪ್ರೆಸ್ಬಿಟೇರಿಯನ್ನರ ಪ್ರಭುಭೋಜನದ ಕೂಟ. ಇತರ ಪ್ರಾಟೆಸ್ಟಂಟ್ ಪಂಗಡಗಳಾದ ಮೆಥೋಡಿಸ್ಟರೂ ಬ್ಯಾಪ್ಟಿಸ್ಟರೂ ಸೇರಿಕೊಂಡರು, ಸಾವಿರ ಸಾವಿರ ಜನ ನೆರೆದರು. ಅಷ್ಟು ದೂರದಿಂದ ಕುದುರೆಗಾಡಿ ಕಟ್ಟಿಕೊಂಡು ಬಂದವರು ಸಂಜೆ ಮನೆಗೆ ಮರಳುವ ಹಾಗಿರಲಿಲ್ಲ. ಗಾಡಿಯೊಳಗೆ, ಗಾಡಿಯ ಅಡಿಯಲ್ಲಿ, ಕಂಬಳಿ ಕಟ್ಟಿದ ನೆರಳಲ್ಲಿ ಮಲಗಿದರು. ಶಿಬಿರ ಎನ್ನುವುದು ಯಾರೋ ಕೂತು ಯೋಜಿಸಿದ ಪದ್ಧತಿಯಲ್ಲ, ದೂರದಿಂದ ಬಂದವರಿಗೆ ಬೇರೆ ದಾರಿ ಇರಲಿಲ್ಲ. ಮೆಥೋಡಿಸ್ಟರು ಅದನ್ನು ವರ್ಷಕ್ಕೊಮ್ಮೆ, ಹೊಲದ ಕೆಲಸ ಬಿಡುವಾದಾಗ ನಡೆಯುವ ಕ್ರಮವಾಗಿ ಮಾಡಿದರು.

ಮುಂದಿನ ಹಂತ ಜಾಗವನ್ನು ಕಾಯಂ ಮಾಡಿಕೊಳ್ಳುವುದು. ಮಸಾಚುಸೆಟ್ಸ್‌ನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ 1835ರಲ್ಲಿ ಒಂದು ಓಕ್ ತೋಪಿನಲ್ಲಿ ಒಂಬತ್ತು ಗುಡಾರದಿಂದ ವೆಸ್ಲಿಯನ್ ಗ್ರೋವ್ ಶುರುವಾಯಿತು. ಅಂತರ್ಯುದ್ಧ ಮುಗಿದ ಮೇಲೆ, 1867ರ ಜುಲೈನಲ್ಲಿ, ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಪವಿತ್ರ ಬಾಳಿಗೆ ಒತ್ತು ಕೊಡುವವರ ರಾಷ್ಟ್ರಮಟ್ಟದ ಶಿಬಿರ ಕೂಟ ನಡೆಯಿತು. ಅದರ ಹಿಂದೆ ಇದ್ದವರಲ್ಲಿ ವಿಲಿಯಂ ಬಿ. ಓಸ್ಬರ್ನ್ ಒಬ್ಬರು. ಸಮುದ್ರದ ದಂಡೆಯಲ್ಲಿ ಕಾಯಂ ಜಾಗ ಹುಡುಕಿ ಓಶನ್ ಗ್ರೋವ್ ಆರಿಸಿದವರೂ ಇವರೇ.

1869ರ ಜುಲೈ 31ರ ರಾತ್ರಿ ಒಂದು ಗುಡಾರದಲ್ಲಿ ಮೇಣದಬತ್ತಿ ಹಚ್ಚಿಕೊಂಡು ಸುಮಾರು ಇಪ್ಪತ್ತು ಜನ ಪ್ರಾರ್ಥನೆಗೆ ಕೂತರು. ಬೋಧಕ ಎಲ್‌ವುಡ್ ಸ್ಟೋಕ್ಸ್ ಬೈಬಲಿನ ಆದಿಕಾಂಡದ ಮೊದಲ ಮಾತನ್ನೇ ಓದಿದರು: ಆದಿಯಲ್ಲಿ ದೇವರು. ಊರಿನ ಹುಟ್ಟುದಿನ ಎಂದು ಲೆಕ್ಕ ಹಿಡಿಯುವುದು ಇದನ್ನೇ. ಮರುವರ್ಷ, 1870ರ ಮಾರ್ಚ್ 3ರಂದು, ನ್ಯೂಜೆರ್ಸಿ ಶಾಸನಸಭೆ ಓಶನ್ ಗ್ರೋವ್ ಕ್ಯಾಂಪ್ ಮೀಟಿಂಗ್ ಅಸೋಸಿಯೇಷನ್‌ಗೆ, ಅಂದರೆ ಶಿಬಿರ ಕೂಟ ನಡೆಸುವ ಸಂಸ್ಥೆಗೆ, ಸನದು (ಅಧಿಕಾರಪತ್ರ) ಕೊಟ್ಟಿತು. ಟ್ರಸ್ಟಿಗಳು 26: 13 ಜನ ಬೋಧಕರು, 13 ಜನ ಸಾಮಾನ್ಯ ಸಭಿಕರು. ಸ್ಟೋಕ್ಸ್ ಮೊದಲ ಅಧ್ಯಕ್ಷರು. ಆ ಸನದಿನಲ್ಲಿ ರಸ್ತೆ ಹಾಕುವುದರಿಂದ ಹಿಡಿದು ಪೊಲೀಸರನ್ನು ನೇಮಿಸುವವರೆಗೆ ಅಧಿಕಾರ ಇತ್ತು. ಮುಂದೆ ಕೋರ್ಟಿನ ತಕರಾರು ಹುಟ್ಟಿದ್ದು ಇದೇ ಮಾತಿನಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಕರಾವಳಿ_ಜೆರ್ಸಿ:
ಜಾಗ ಆರಿಸಿದ್ದರ ಹಿಂದೆ ಲೆಕ್ಕಾಚಾರ ಇತ್ತು. ದಂಡೆ ಎತ್ತರದಲ್ಲಿದೆ, ಮರಗಳ ನೆರಳು ಇತ್ತು, ಸೊಳ್ಳೆ ಕಾಟ ಇಲ್ಲ ಎಂಬ ಹೆಸರಿತ್ತು. ಜೆರ್ಸಿ ಕಡಲತೀರದ ಜವುಗುಗಳನ್ನು ಬಲ್ಲವರಿಗೆ ಈ ಕೊನೆಯದು ಎಷ್ಟು ದೊಡ್ಡ ಮಾತು ಎಂದು ಗೊತ್ತು. ಎಂಟು ಹತ್ತು ದಿನ ಮಕ್ಕಳೊಂದಿಗೆ ಬಟ್ಟೆಯ ಗೋಡೆಯೊಳಗೆ ಮಲಗಬೇಕಾದರೆ ಬೋಧನೆಗಿಂತ ಮೊದಲು ಸೊಳ್ಳೆ ನೋಡಬೇಕು.

ಇನ್ನೊಂದು ಅನುಕೂಲ ನಕಾಶೆ ನೋಡಿದರೆ ತಿಳಿಯುತ್ತದೆ. ಪೂರ್ವಕ್ಕೆ ಅಟ್ಲಾಂಟಿಕ್, ಉತ್ತರಕ್ಕೆ ವೆಸ್ಲಿ ಕೆರೆ, ದಕ್ಷಿಣಕ್ಕೆ ಫ್ಲೆಚರ್ ಕೆರೆ. ಗಾಡಿ ಬರಲು ಉಳಿದದ್ದು ಪಡುವಣ ದಿಕ್ಕು ಮಾತ್ರ, ಅಲ್ಲಿ ದ್ವಾರಗಳು. ಕೋಟೆ ಕಟ್ಟದೆಯೇ ಕೋಟೆ. ಎರಡು ಕೆರೆಗಳ ಹೆಸರೂ ಮೆಥೋಡಿಸ್ಟ್ ಹಿರಿಯರದು. ಉತ್ತರ ದಂಡೆಯ ಊರು ಆಸ್ಬರಿ ಪಾರ್ಕ್‌ಗೆ ಕೂಡ ಮೆಥೋಡಿಸ್ಟ್ ಬಿಷಪ್ ಫ್ರಾನ್ಸಿಸ್ ಆಸ್ಬರಿಯ ಹೆಸರು. ಅದನ್ನು 1871ರಲ್ಲಿ ಶುರುಮಾಡಿದ ಜೇಮ್ಸ್ ಬ್ರ್ಯಾಡ್ಲಿ ಮೊದಲು ಓಶನ್ ಗ್ರೋವ್‌ನಲ್ಲೇ ಜಾಗ ಹಿಡಿದಿದ್ದವರು.

ಸೈಟಿನ ಅಳತೆ 30×60 ಅಡಿ. ನಮ್ಮ ಬಡಾವಣೆಯ 30×40 ನೋಡಿ ಬೆಳೆದವರಿಗೆ ಇದು ಇಕ್ಕಟ್ಟು ಅನ್ನಿಸದು. ಅಮೆರಿಕದವರ ಕಣ್ಣಿಗೆ ಮಾತ್ರ ಬೆಂಕಿಪೊಟ್ಟಣ. ಅಳತೆ ಬಂದದ್ದು ಗುಡಾರದಿಂದ: ಒಂದು ಗುಡಾರ, ಅದರ ಮುಂದೆ ಒಂದಿಷ್ಟು ಅಂಗಳ, ಹಿಂದೆ ಅಡುಗೆಗೆ ಜಾಗ. ಮನೆಗಳು ಆಮೇಲೆ ಅದೇ ಸೈಟಿನಲ್ಲಿ ಎದ್ದವು, ಹಾಗಾಗಿ ಉದ್ದಕ್ಕೆ, ಎತ್ತರಕ್ಕೆ ಬೆಳೆದವು, ಅಗಲಕ್ಕೆ ಬೆಳೆಯಲಿಲ್ಲ.

ಯೋಜನೆಯಲ್ಲಿ ನನಗೆ ತೀರಾ ಮೆಚ್ಚುಗೆಯಾದದ್ದು ಸಮುದ್ರದ ಕಡೆಯ ಮೊದಲ ಎರಡು ಸಾಲುಗಳು. ಕಡಲು ಹತ್ತಿರವಾದಂತೆ ಪ್ರತಿ ಮನೆಯನ್ನೂ ರಸ್ತೆಯಿಂದ ಇನ್ನಷ್ಟು ಹಿಂದಕ್ಕೆ ಸರಿಸಿದ್ದಾರೆ. ಅಂದರೆ ಬೀದಿ ಆಲಿಕೆಯ ಹಾಗೆ ಕಡಲಿನ ಕಡೆ ಬಾಯಿ ಬಿಡುತ್ತದೆ. ಮುಂದಿನ ಮನೆ ಹಿಂದಿನ ಮನೆಯ ಗಾಳಿಗೂ ನೋಟಕ್ಕೂ ಅಡ್ಡ ಬರುವುದಿಲ್ಲ. ಫ್ಯಾನು ಇಲ್ಲದ ಕಾಲದಲ್ಲಿ ಮಾಡಿದ ಏರ್ಪಾಡು, ಇವತ್ತಿಗೂ ಕೆಲಸ ಮಾಡುತ್ತಿದೆ.

ಜಗಲಿಕಟ್ಟೆ:
ಚೆನ್ನಾಗಿದೆ. ಕುಡಿಯುವ ನೀರು? ಸಮುದ್ರದ ಪಕ್ಕದಲ್ಲಿ ಸಿಹಿನೀರು ಸಿಕ್ಕಿತೇ?

ಕರಾವಳಿ_ಜೆರ್ಸಿ:
1870ರಲ್ಲೇ ಕೊಳವೆ ಹೊಡೆದು ಮೊದಲ ಬಾವಿ ಮಾಡಿದರು. ಹೆಸರು ಬೇರ್ಷೆಬ, ಬೈಬಲಿನ ಅಬ್ರಹಾಮನ ಬಾವಿಯದೇ. ಆರಾಧನೆ ನಡೆಯುವ ದೊಡ್ಡ ಸಭಾಭವನದ ಎದುರಿನ ಉದ್ಯಾನದಲ್ಲಿ ಅದರ ಮೇಲೆ ಕಟ್ಟಿದ ಮಂಟಪ ಈಗಲೂ ಇದೆ. ಬೀದಿಗಳಿಗೂ ಹೀಗೇ ಹೆಸರು: ಹೆರ್ಮೋನ್, ಕರ್ಮೆಲ್, ಚೀಯೋನ್, ತಾಬೋರ್. ಗುಡಾರಗಳು ಇರುವುದು ಸಭಾಭವನದ ಸುತ್ತಲಿನ ಈ ಸಣ್ಣ ಬೀದಿಗಳಲ್ಲೇ. ಗುಡಾರ ನೋಡಲು ಬಂದು ಕಡಲ ದಂಡೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಗೂಟಹಗ್ಗ:
ಎರಡನೇ ಪ್ರಶ್ನೆಗೆ ಬರೋಣ. ಗುಡಾರ ಎಂದ ಕೂಡಲೇ ನೆಲದಲ್ಲಿ ಗೂಟ ಹೊಡೆದ ಡೇರೆ ಕಣ್ಣಿಗೆ ಬಂದರೆ ತಪ್ಪು. ಓಶನ್ ಗ್ರೋವ್‌ನ ಗುಡಾರ ಅರ್ಧ ಮರ, ಅರ್ಧ ಬಟ್ಟೆ. ಮೂರು ಭಾಗ ಇದೆ.

ಹಿಂಭಾಗದಲ್ಲಿ ಕಾಯಂ ಮರದ ಕೋಣೆ. ಅಡುಗೆಮನೆ, ಕಕ್ಕಸು, ಸ್ನಾನ ಎಲ್ಲ ಅಲ್ಲೇ. ನೀರಿನ ಪೈಪು, ಚರಂಡಿ, ಕರೆಂಟು ಬಂದು ಮುಗಿಯುವುದೂ ಅಲ್ಲೇ. ನಡುವೆ ಹಲಗೆ ಹಾಸಿದ ಜಗಲಿಯ ಮೇಲೆ ಚೌಕಟ್ಟು, ಅದಕ್ಕೆ ಕ್ಯಾನ್ವಾಸ್. ಇದೇ ನಡುಮನೆ, ಇದೇ ಮಲಗುವ ಕೋಣೆ. ಮುಂದೆ ಪಟ್ಟೆಪಟ್ಟೆ ಬಟ್ಟೆಯ ಚಾವಣಿ ಹೊದ್ದ ಮುಂಜಗಲಿ: ಎರಡು ಕುರ್ಚಿ, ಹೂಕುಂಡ, ಹಾದುಹೋಗುವವರ ಜೊತೆ ಮಾತು.

ಕಾಲ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಸೆಪ್ಟೆಂಬರಿನಲ್ಲಿ ಬಟ್ಟೆ ಇಳಿಸುತ್ತಾರೆ, ಮಂಚ ಕುರ್ಚಿ ಎಲ್ಲ ಹಿಂದಿನ ಮರದ ಕೋಣೆಗೆ ತುಂಬಿ ಬೀಗ ಹಾಕುತ್ತಾರೆ. ಚಳಿಗಾಲದಲ್ಲಿ ನೋಡಿದರೆ ಸಾಲಾಗಿ ಸಣ್ಣ ಮರದ ಕೋಣೆಗಳು, ಮುಂದೆ ಬರಿ ಹಲಗೆ. ಪೈಪಿನ ನೀರನ್ನು ಪೂರ್ತಿ ಬಸಿಯದಿದ್ದರೆ ಜನವರಿಯಲ್ಲಿ ಹೆಪ್ಪುಗಟ್ಟಿ ಒಡೆಯುತ್ತದೆ, ಅದು ಗೊತ್ತಾಗುವುದು ಮೇ ತಿಂಗಳಲ್ಲಿ ನೀರು ಬಿಟ್ಟಾಗ. ಒಡೆಯುವುದು ಹೆಚ್ಚಾಗಿ ಉದ್ದ ಪೈಪಲ್ಲ. ನೀರು ನಿಲ್ಲುವ ತಗ್ಗು ತಿರುವು, ನಲ್ಲಿಯ ಒಳಭಾಗ, ಕಕ್ಕಸಿನ ಕೆಳಗಿನ ಬಾಗು, ಇವೇ ಮೊದಲು ಹೋಗುತ್ತವೆ.

ಈ ಅರ್ಧ ಮರ ಅರ್ಧ ಬಟ್ಟೆ ಎಂಬ ಉಪಾಯ ಇಲ್ಲದಿದ್ದರೆ ಗುಡಾರ ಇಪ್ಪತ್ತನೇ ಶತಮಾನ ದಾಟುತ್ತಿರಲಿಲ್ಲ ಎನ್ನುವುದು ನನ್ನ ಎಣಿಕೆ. ಬೆಂಕಿ ಮತ್ತು ನೀರು ಎರಡನ್ನೂ ಬಟ್ಟೆಯಿಂದ ದೂರ ಇಟ್ಟದ್ದೇ ಜಾಣತನ.

ತೊಲೆಜಂತೆ:
ಗೂಟಹಗ್ಗ ಅವರೇ, ಬಟ್ಟೆಯ ಬಗ್ಗೆ ಇನ್ನಷ್ಟು ಬಿಡಿಸಿ ಬರೆಯಿರಿ. ಕಡಲ ಗಾಳಿಯಲ್ಲಿ ಕ್ಯಾನ್ವಾಸ್ ಎಷ್ಟು ತಾಳುತ್ತದೆ, ಮೊದಲು ಏನು ಕೆಡುತ್ತದೆ?

ಗೂಟಹಗ್ಗ:
ಇದು ಓಶನ್ ಗ್ರೋವ್‌ಗೆ ಮಾತ್ರವಲ್ಲ, ಹತ್ತಿ ಕ್ಯಾನ್ವಾಸಿನ ಯಾವುದೇ ಶಿಬಿರಕ್ಕೂ ಸಲ್ಲುತ್ತದೆ.

ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಸೋರುತ್ತದೆ. ಬಟ್ಟೆ ಕೆಟ್ಟದ್ದು ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬೇಡಿ. ನೂಲು ನೆನೆದು ಉಬ್ಬಿದ ಮೇಲೆ ನೇಯ್ಗೆಯ ಸಂದು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಉಪಯೋಗಕ್ಕೆ ಮುಂಚೆ ಕಟ್ಟಿ ನಿಲ್ಲಿಸಿ, ನೀರು ಹೊಡೆದು, ಪೂರ್ತಿ ಒಣಗಲು ಬಿಡುವುದು, ಇದನ್ನು ಎರಡು ಮೂರು ಸಲ ಮಾಡುವುದು ರೂಢಿ. ಹೊಲಿಗೆಯ ತೂತುಗಳೂ ಆಗ ಮುಚ್ಚುತ್ತವೆ. ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಚೌಕಟ್ಟಿಗೆ ಸರಿಯಾಗಿ ಬಿಗಿಯುವಂತೆ ಹೊಲಿಸಬಾರದು, ಕುಗ್ಗಲು ಬಿಡುವು ಇಟ್ಟು ಹೊಲಿಸಬೇಕು.

ಮಳೆ ಬರುವಾಗ ಒಳಗಿನಿಂದ ಬಟ್ಟೆ ಮುಟ್ಟಬಾರದು. ಮಂಚದ ತಲೆ ತಾಗುವುದು, ಬಟ್ಟೆ ಚೀಲ ಒರಗಿಸುವುದು, ಮಕ್ಕಳು ಬೆರಳಲ್ಲಿ ಗೆರೆ ಎಳೆಯುವುದು, ಇಷ್ಟು ಸಾಕು. ಮುಟ್ಟಿದ ಕಡೆ ನೀರು ಒಳಕ್ಕೆ ಹಾದಿ ಹಿಡಿಯುತ್ತದೆ. ಆ ಜಾಗ ಒಣಗುವವರೆಗೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ.

ಗುಡಾರದ ಮೇಲೆ ಅಂತರ ಬಿಟ್ಟು ಇನ್ನೊಂದು ಹೊದಿಕೆ ಹಾಕುವುದಕ್ಕೆ ಎರಡು ಕಾರಣ. ಮಳೆಯ ಪೆಟ್ಟು ಮೇಲಿನದಕ್ಕೆ ಬೀಳುತ್ತದೆ, ಕೆಳಗಿನದು ಹನಿಯನ್ನು ಮಾತ್ರ ತಡೆದರೆ ಸಾಕು. ಬಿಸಿಲಿನಲ್ಲಿ ಎರಡರ ನಡುವೆ ಗಾಳಿ ಓಡಾಡುತ್ತದೆ, ಒಳಗೆ ಕಾವು ಕಡಿಮೆ. ಎರಡೂ ಬಟ್ಟೆ ಒಂದಕ್ಕೊಂದು ತಾಗಿದರೆ ಈ ಎರಡೂ ಲಾಭ ಹೋಯಿತು.

ಹಗ್ಗ: ಹತ್ತಿ, ಸೆಣಬು, ಮನಿಲಾ ಹಗ್ಗ ನೆನೆದಾಗ ಕುಗ್ಗುತ್ತವೆ. ಮಳೆಗೆ ಮುಂಚೆ ಸಡಿಲಿಸದಿದ್ದರೆ ಗೂಟ ಕಿತ್ತು ಬರುತ್ತದೆ, ಇಲ್ಲವೇ ಬಟ್ಟೆಯ ಕಿವಿ ಹರಿಯುತ್ತದೆ. ನೈಲಾನ್ ಇದಕ್ಕೆ ತದ್ವಿರುದ್ಧ, ನೆನೆದರೆ ಜೋತುಬೀಳುತ್ತದೆ. ಹಾಗೆ ಜೋತಾಗ ಚಾವಣಿಯಲ್ಲಿ ತಗ್ಗು ಬಿದ್ದು ನೀರು ನಿಲ್ಲುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಮೂರು ಇಂಚು ಆಳ ನೀರು ನಿಂತರೆ ಒಂದು ಘನ ಅಡಿ, ಅಂದರೆ 28 ಲೀಟರ್, 28 ಕಿಲೋ. ಒಂದು ಸಿಮೆಂಟ್ ಮೂಟೆಯ ಅರ್ಧಕ್ಕಿಂತ ಹೆಚ್ಚು ಭಾರ ಬಟ್ಟೆಯ ನಡುವೆ ಕೂತ ಹಾಗೆ. ತಗ್ಗು ಇನ್ನೂ ಇಳಿಯುತ್ತದೆ, ನೀರು ಇನ್ನೂ ಸೇರುತ್ತದೆ. ಒಳಗಿನಿಂದ ಕೋಲಿನ ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಎತ್ತಿ ಚೆಲ್ಲಬೇಕು. ಚೂಪು ತುದಿಯಿಂದ ಎತ್ತಿದರೆ ತೂತು.

ಕಡಲ ಪಕ್ಕ ಮೊದಲು ಹೋಗುವುದು ಬಟ್ಟೆಯಲ್ಲ, ಅದರಲ್ಲಿ ಹಗ್ಗ ತೂರಿಸುವ ಕಬ್ಬಿಣದ ಬಳೆಗಳು. ಉಪ್ಪು ಗಾಳಿಗೆ ತುಕ್ಕು ಹಿಡಿದು ಸುತ್ತಲ ನೂಲನ್ನು ತಿನ್ನುತ್ತವೆ. ಹಿತ್ತಾಳೆಯ ಬಳೆ ಹಾಕಿಸಿದರೆ ಅಷ್ಟು ವರ್ಷ ಹೆಚ್ಚು ಬಾಳುತ್ತದೆ. ಇನ್ನೊಂದು ಸೋರುವ ಜಾಗ ಬಟ್ಟೆ ಮತ್ತು ಮರದ ಕೋಣೆ ಸೇರುವ ಗೆರೆ. ಕೋಣೆಯ ಮಾಡಿನ ನೀರು ಬಟ್ಟೆಯ ಮೇಲೆ ಸುರಿಯದಂತೆ ಅಲ್ಲಿ ತಗಡಿನ ಪಟ್ಟಿ ಅಥವಾ ದೋಣಿ ಇರಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಕೈಗೆ ಒಣಗಿದ ಹಾಗೆ ಅನ್ನಿಸಿದರೂ ಹೊಲಿಗೆಯ ಮಡಿಕೆ, ಅಂಚಿನ ಹಗ್ಗದ ಒಳಭಾಗ ಒದ್ದೆ ಇರುತ್ತದೆ. ಹಾಗೇ ಮಡಚಿಟ್ಟರೆ ಕೆಲವೇ ದಿನದಲ್ಲಿ ಕಪ್ಪು ಚುಕ್ಕಿ. ಕಲೆ ಹೋಗುವುದಿಲ್ಲ, ಆದರೆ ನಿಜವಾದ ನಷ್ಟ ಕಲೆಯದಲ್ಲ, ಅಲ್ಲಿ ನೂಲೇ ಕೊಳೆತು ಮುಂದಿನ ವರ್ಷ ಬಿಗಿದಾಗ ಹರಿಯುತ್ತದೆ. ಬ್ಲೀಚಿಂಗ್ ಹಾಕಿ ಉಜ್ಜುವವರಿದ್ದಾರೆ, ಅದು ನೂಲನ್ನು ಇನ್ನೂ ದುರ್ಬಲ ಮಾಡುತ್ತದೆ. ಗಟ್ಟಿ ಸಾಬೂನೂ ಬೇಡ, ನೀರು ತಡೆಯುವ ಲೇಪ ತೊಳೆದುಹೋಗುತ್ತದೆ. ಬರಿ ನೀರು, ಮೆತ್ತನೆಯ ಬ್ರಷ್, ಬಿಸಿಲು.

ಪಟ್ಟೆಚಾವಣಿ:
ಈ ಗುಡಾರಗಳು 1869ರಿಂದ ಹಾಗೇ ಉಳಿದಿವೆ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ?

ಗೂಟಹಗ್ಗ:
ಹತ್ತಿ ಬಟ್ಟೆ ನೂರೈವತ್ತು ವರ್ಷ ಬಿಸಿಲು ಮಳೆ ತಿಂದು ಉಳಿಯುವುದು ಸಾಧ್ಯವೇ ಇಲ್ಲ. ಉಳಿದಿರುವುದು ಜಾಗ, ಸಾಲು, ಪದ್ಧತಿ. ಬಟ್ಟೆ ಎಷ್ಟೋ ಸಲ ಬದಲಾಗಿದೆ, ಕೊಳೆತ ಹಲಗೆಗಳೂ ಬದಲಾಗಿವೆ. ಹತ್ತೊಂಬತ್ತನೇ ಶತಮಾನದಲ್ಲಿ 600ಕ್ಕೂ ಹೆಚ್ಚು ಗುಡಾರ ಇದ್ದವು, ಈಗ 114.

ಹಳೆಕಡತ:
ಆ 600 ಯಾಕೆ 114 ಆಯಿತು, 114 ಯಾಕೆ ಸೊನ್ನೆ ಆಗಲಿಲ್ಲ ಎನ್ನುವುದಕ್ಕೆ ಉತ್ತರ ಜಮೀನಿನ ಹಕ್ಕಿನಲ್ಲಿದೆ. ಅಸೋಸಿಯೇಷನ್ ನೆಲವನ್ನು ಮಾರಲೇ ಇಲ್ಲ. 99 ವರ್ಷದ, ನವೀಕರಿಸಬಹುದಾದ ಗುತ್ತಿಗೆಗೆ ಕೊಟ್ಟಿತು. ಮನೆ ನಿಮ್ಮದು, ಮನೆಯ ಅಡಿಯ ಮಣ್ಣು ಅಸೋಸಿಯೇಷನ್ನಿನದು. ಇವತ್ತಿಗೂ ಅಲ್ಲಿ ಮನೆ ಕೊಳ್ಳುವವರು ಕೊಳ್ಳುವುದು ಕಟ್ಟಡವನ್ನು ಮತ್ತು ಗುತ್ತಿಗೆಯ ಹಕ್ಕನ್ನು. ಅನುಕೂಲಸ್ಥರು ಗುಡಾರದ ಜಾಗದಲ್ಲಿ ಮನೆ ಕಟ್ಟಿಕೊಂಡರು, ಗುಡಾರ ಕಡಿಮೆಯಾಯಿತು.

ಆದರೆ ಸಭಾಭವನದ ಸುತ್ತಲಿನ ಜಾಗವನ್ನು ಗುತ್ತಿಗೆಗೂ ಕೊಡದೆ ಅಸೋಸಿಯೇಷನ್ ತನ್ನಲ್ಲೇ ಇಟ್ಟುಕೊಂಡು ಗುಡಾರಗಳನ್ನು ಋತುವಿಗೆ ಬಾಡಿಗೆಗೆ ಕೊಡುತ್ತದೆ. ಋತುವಿನ ಬಾಡಿಗೆದಾರನಿಗೆ ಗುಡಾರ ಕೆಡವಿ ಮನೆ ಕಟ್ಟುವ ಹಕ್ಕಿಲ್ಲ. ಒಂದೇ ಕುಟುಂಬ ತಲೆಮಾರುಗಳಿಂದ ಒಂದೇ ಗುಡಾರಕ್ಕೆ ಬರುವುದು ಸಾಮಾನ್ಯ, ಖಾಲಿ ಬೀಳುವುದು ಅಪರೂಪ. ಕಾಯುವವರ ಪಟ್ಟಿ ವರ್ಷಗಟ್ಟಲೆ ಉದ್ದ. ಮಗು ಹುಟ್ಟಿದಾಗ ಹೆಸರು ಬರೆಸಿದರೆ ಮದುವೆ ಹೊತ್ತಿಗೆ ಸಿಗಬಹುದು ಎಂದು ತಮಾಷೆ ಮಾಡಿದರೆ ತೀರಾ ಸುಳ್ಳಾಗದು. 1976ರಲ್ಲಿ ಇಡೀ ಊರು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿಗೆ ಸೇರಿತು.

ತೊಲೆಜಂತೆ:
ಇದನ್ನು ಮಾರ್ಥಾಸ್ ವಿನ್‌ಯಾರ್ಡ್‌ನ ಜೊತೆ ಹೋಲಿಸಿ ನೋಡಿದರೆ ಮೂರನೇ ಪ್ರಶ್ನೆ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿಯೂ ನೆಲ ಶಿಬಿರದ ಅಸೋಸಿಯೇಷನ್ನಿನದೇ, ಮನೆ ಮಾತ್ರ ಕುಟುಂಬದ್ದು. ಅಂದರೆ ನೆಲ ಮಾರದಿದ್ದ ಮಾತ್ರಕ್ಕೆ ಗುಡಾರ ಉಳಿಯುವುದಿಲ್ಲ, ಹಳೆಕಡತ ಅವರು ಹೇಳಿದ ಎರಡನೇ ಅಂಶವೇ ನಿರ್ಣಾಯಕ. ವೆಸ್ಲಿಯನ್ ಗ್ರೋವ್‌ನಲ್ಲಿ 1850ರ ದಶಕದ ಕೊನೆಯಿಂದಲೇ ಜನ ಗುಡಾರ ಬಿಟ್ಟು ಮರದ ಕುಟೀರ ಕಟ್ಟತೊಡಗಿದರು. 1880ರ ಹೊತ್ತಿಗೆ ಸುಮಾರು 500 ಕುಟೀರ, ಈಗ 300 ಚಿಲ್ಲರೆ ಉಳಿದಿವೆ.

ಆ ಕುಟೀರಗಳ ರಚನೆ ಬಡಗಿಗಳು ನೋಡಬೇಕಾದದ್ದು. ಸಾಮಾನ್ಯ ಮರದ ಮನೆಯ ಹಾಗೆ ಒಳಗೆ ಕಂಬಗಳ ಚೌಕಟ್ಟು ಮಾಡಿ ಹೊರಗೆ ಹಲಗೆ ಹೊಡೆದದ್ದಲ್ಲ. ಒಂದರ ನಾಲಗೆ ಇನ್ನೊಂದರ ತೋಡಿಗೆ ಕೂರುವ ಪೈನ್ ಹಲಗೆಗಳನ್ನು ನೇರ ನಿಲ್ಲಿಸಿ ಜೋಡಿಸಿದ್ದಾರೆ. ಹಲಗೆಯೇ ಗೋಡೆ, ಹಲಗೆಯೇ ಕಂಬ. ಒಳಗೆ ಗಿಲಾವು ಇಲ್ಲ, ಚಳಿ ತಡೆಯುವ ತುಂಬುವಿಕೆ ಇಲ್ಲ. ಬೇಗ ಏಳುತ್ತದೆ, ಅಗ್ಗ, ಬೇಸಿಗೆಗೆ ಸಾಕು. ತೊಂದರೆಯೂ ಅದರಲ್ಲೇ ಇದೆ: ಹಲಗೆಯ ಬುಡ ತೇವ ಹಿಡಿದು ಕೊಳೆತರೆ ಮನೆ ಹೊತ್ತ ಭಾಗವೇ ಕೊಳೆತಂತೆ. ಬುಡದ ಅಡ್ಡತೊಲೆಯನ್ನು ನೆಲದಿಂದ ಎತ್ತಿಟ್ಟು ಗಾಳಿಯಾಡಲು ಬಿಡದಿದ್ದರೆ ಒಂದೊಂದೇ ಹಲಗೆ ಕೆಳಗೆ ಕೂರುತ್ತದೆ, ಬಾಗಿಲು ಸಿಕ್ಕಿಕೊಳ್ಳತೊಡಗುತ್ತದೆ.

ಮುಂಬಾಗಿಲು ಎರಡು ರೆಕ್ಕೆಯದು, ಗುಡಾರದ ಸೆರಗು ಎರಡೂ ಕಡೆ ಸರಿಸಿದ ಹಾಗೆ ತೆರೆಯುತ್ತದೆ. ಅದರ ಮೇಲೆ ಸಣ್ಣ ಬಾಲ್ಕನಿ, ಸೂರಿನ ಅಂಚಿಗೆ ಗರಗಸದಲ್ಲಿ ಕೊರೆದ ಜಾಲರಿ. ಬಟ್ಟೆ ಹೋದರೂ ಆಕಾರ ಗುಡಾರದ್ದೇ.

ಅಲ್ಲಿನ ಸಭಾಮಂಟಪ 1879ರದು, ಕಬ್ಬಿಣದ್ದು, ಸುತ್ತ ಗೋಡೆಯಿಲ್ಲ. ಅದಕ್ಕೂ ಮೊದಲು ದೊಡ್ಡ ಕ್ಯಾನ್ವಾಸ್ ಗುಡಾರದಲ್ಲಿ ಸಭೆ ನಡೆಯುತ್ತಿತ್ತು. ಸ್ಪ್ರಿಂಗ್‌ಫೀಲ್ಡ್‌ನ ಜೆ. ಡಬ್ಲ್ಯು. ಹೊಯ್ಟ್ ಕಬ್ಬಿಣದಲ್ಲಿ ಕಟ್ಟಿಕೊಟ್ಟರು, ಖರ್ಚು ಏಳು ಸಾವಿರ ಡಾಲರ್ ಚಿಲ್ಲರೆ. ಕಬ್ಬಿಣ ಎಂದರೆ ದುಬಾರಿ ಎಂದುಕೊಳ್ಳುತ್ತೇವೆ, ಅಲ್ಲಿ ಮರಕ್ಕಿಂತ ಅದೇ ಅಗ್ಗ ಬಿತ್ತು.

ಜಗಲಿಕಟ್ಟೆ:
ಓಶನ್ ಗ್ರೋವ್‌ನ ಸಭಾಭವನ ಕೂಡ ಕಬ್ಬಿಣದ್ದೇ? ಹೊರಗಿನಿಂದ ಮರದ್ದೆಂದು ಕಾಣುತ್ತದೆ.

ತೊಲೆಜಂತೆ:
ಎರಡೂ. ಗ್ರೇಟ್ ಆಡಿಟೋರಿಯಂ 1894ರದು, ವಾಸ್ತುಶಿಲ್ಪಿ ಫ್ರೆಡ್ ಟಿ. ಕ್ಯಾಂಪ್. ಕಟ್ಟಲು ತೆಗೆದುಕೊಂಡದ್ದು 92 ದಿನ, ಖರ್ಚು ಸುಮಾರು 69 ಸಾವಿರ ಡಾಲರ್. ಏಳು ಕಬ್ಬಿಣದ ಟ್ರಸ್‌ಗಳು (ಮಾಡು ಹೊರುವ ಚೌಕಟ್ಟುಗಳು) 161 ಅಡಿ ಅಗಲವನ್ನು ಒಂದೇ ಹಾರಿಗೆ ದಾಟುತ್ತವೆ, ಸೇತುವೆ ಕಟ್ಟುವವರ ಲೆಕ್ಕಾಚಾರ ಅದು. ಕಟ್ಟಡದ ಉದ್ದ 225 ಅಡಿ. ಟ್ರಸ್‌ನ ಒಳಗೆ ಕಮಾನು ಚಾವಣಿ, ಗೋಡೆ ಎಲ್ಲ ಮರ. ಚಾವಣಿ ದೊಡ್ಡ ಪಿಟೀಲಿನ ಹೊಟ್ಟೆಯ ಹಾಗೆ ಧ್ವನಿಯನ್ನು ಹಿಡಿದು ಹಿಂದಕ್ಕೆ ಕಳಿಸುತ್ತದೆ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೆ ಬೋಧನೆ ಮುಟ್ಟಲು ಇದೇ ಉಪಾಯ. ಕಟ್ಟಿದಾಗ ಸುಮಾರು 10 ಸಾವಿರ ಜನಕ್ಕೆಂದು ಹೇಳಿದ್ದರು, ಈಗಿನ ಆಸನ 6 ಸಾವಿರ ಚಿಲ್ಲರೆ.

ಹವಾನಿಯಂತ್ರಣ ಇಲ್ಲ. ಬದಿಗಳಲ್ಲಿ ಕೊಟ್ಟಿಗೆಯ ಬಾಗಿಲಿನ ಹಾಗೆ ಜಾರಿಸುವ ದೊಡ್ಡ ಬಾಗಿಲುಗಳು. ಎಲ್ಲ ತೆರೆದರೆ ಕಡಲ ಗಾಳಿ ಅಡ್ಡಲಾಗಿ ಹಾಯುತ್ತದೆ. ಮಳೆ ಬದಿಯಿಂದ ಬಡಿದರೆ ಆ ಕಡೆಯ ಬಾಗಿಲು ಎಳೆಯಬೇಕು, ಆಗ ಒಳಗೆ ಬೇಯುತ್ತದೆ. ಚಳಿ ತಡೆಯುವ ವ್ಯವಸ್ಥೆಯೂ ಇಲ್ಲದ್ದರಿಂದ ಬೇಸಿಗೆಗಷ್ಟೇ ಬಳಕೆ.

ಆರಾಧನೆಗೆ ನುಡಿಸುವ ಕೊಳವೆಗಳ ವಾದ್ಯ ಆರ್ಗನ್ 1908ರದು, ರಾಬರ್ಟ್ ಹೋಪ್-ಜೋನ್ಸ್ ಮಾಡಿದ್ದು. ಆಮೇಲೆ ಬೆಳೆಯುತ್ತಾ ಹೋಗಿ ಈಗ 11 ಸಾವಿರಕ್ಕೂ ಹೆಚ್ಚು ಕೊಳವೆಗಳಿವೆ. ಬಾಗಿಲು ತೆರೆದಿಟ್ಟ ಭವನದಲ್ಲಿ ಆರ್ಗನ್ ಇಡುವುದು ತಲೆನೋವಿನ ಕೆಲಸ. ಬಿಸಿಗೆ ಕೊಳವೆಯ ಶ್ರುತಿ ಏರುತ್ತದೆ, ತೇವಕ್ಕೆ ಮರ ಉಬ್ಬಿ ಒಳಗಿನ ಕೀಲು ಸಿಕ್ಕಿಕೊಳ್ಳುತ್ತದೆ, ಉಪ್ಪು ಗಾಳಿ ತಂತಿಗಳ ಸಂಪರ್ಕ ಕೆಡಿಸುತ್ತದೆ.

2012ರ ಅಕ್ಟೋಬರಿನ ಸ್ಯಾಂಡಿ ಚಂಡಮಾರುತ ಇದೇ ಭವನದ ಮಾಡಿನ ಒಂದು ಭಾಗ ಕಿತ್ತಿತು, ದಂಡೆಯ ಮರದ ನಡಿಗೆದಾರಿಯನ್ನೂ ಕಡಲೊಳಕ್ಕೆ ಚಾಚಿದ ಕಟ್ಟೆಯನ್ನೂ (ಪಿಯರ್) ಹಾಳುಮಾಡಿತು. ಹೊಸ ಕಟ್ಟೆ ತೆರೆದದ್ದು 2023ರಲ್ಲಿ, ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ.

ಪಟ್ಟೆಚಾವಣಿ:
ಭಾನುವಾರ ಕಾರು ಓಡಿಸುವ ಹಾಗಿಲ್ಲ ಅಂತ ಕೇಳಿದ್ದೆ. ಈಗಲೂ ಇದೆಯೇ?

ಹಳೆಕಡತ:
ಇಲ್ಲ. 1970ರ ದಶಕದ ಕೊನೆಯವರೆಗೆ ಇತ್ತು. ಶನಿವಾರ ಮಧ್ಯರಾತ್ರಿ ದ್ವಾರಗಳಿಗೆ ಸರಪಳಿ ಎಳೆಯುತ್ತಿದ್ದರು. ಅಷ್ಟರೊಳಗೆ ಮನೆಯವರೆಲ್ಲ ತಮ್ಮ ಕಾರನ್ನು ಊರ ಹೊರಗೆ, ಹೆಚ್ಚಾಗಿ ಆಸ್ಬರಿ ಪಾರ್ಕಿನ ಕಡೆ, ನಿಲ್ಲಿಸಿ ಬರಬೇಕಿತ್ತು. ಮೂರು ಕಡೆ ನೀರು ಇರುವುದರಿಂದ ನಾಲ್ಕಾರು ಸರಪಳಿಯಲ್ಲಿ ಕೆಲಸ ಮುಗಿಯುತ್ತಿತ್ತು.

ಮುರಿದದ್ದು ಸನದಿನ ಪ್ರಶ್ನೆಯಿಂದ. 1920ರಲ್ಲಿ ಊರನ್ನು ಬರೋ ಎಂದು, ಅಂದರೆ ಸ್ವಂತ ಪುರಸಭೆ ಇರುವ ಊರು ಎಂದು, ಮಾಡಿದ್ದರು. ಮರುವರ್ಷವೇ ಕೋರ್ಟು ಅದನ್ನು ತಳ್ಳಿಹಾಕಿತು, ಮತ್ತೆ ಅಸೋಸಿಯೇಷನ್ನಿನ ಆಡಳಿತ. 1979ರಲ್ಲಿ ಕುಡಿದು ವಾಹನ ಓಡಿಸಿದ ಒಂದು ಪ್ರಕರಣ ನ್ಯೂಜೆರ್ಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿಕ್ಷೆ ಕೊಟ್ಟ ಸ್ಥಳೀಯ ಕೋರ್ಟಿಗೇ ಅಧಿಕಾರ ಇಲ್ಲ ಎಂಬುದು ವಾದ. ಧಾರ್ಮಿಕ ಸಂಸ್ಥೆಯೊಂದರ ಕೈಗೆ ಸರ್ಕಾರದ ಅಧಿಕಾರ ಕೊಟ್ಟದ್ದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಬಂತು. ಪೊಲೀಸು, ಕೋರ್ಟು ಸುತ್ತಲಿನ ಸ್ಥಳೀಯ ಆಡಳಿತವಾದ ನೆಪ್ಚೂನ್ ಟೌನ್‌ಶಿಪ್ಪಿಗೆ ಹೋದವು, ಸರಪಳಿಯೂ ಹೋಯಿತು. ನೆಲದ ಒಡೆತನ ಮಾತ್ರ ಅಲುಗಲಿಲ್ಲ, ಹಾಗಾಗಿ ಗುಡಾರಗಳೂ ಅಲುಗಲಿಲ್ಲ.

ಕಡಲ ದಂಡೆ ಕೂಡ ಅಸೋಸಿಯೇಷನ್ನಿನದು. ಭಾನುವಾರ ಬೆಳಗ್ಗೆ ಆರಾಧನೆಯ ಹೊತ್ತಿನಲ್ಲಿ ದಂಡೆ ಮುಚ್ಚುವ ಪದ್ಧತಿ ತೀರಾ ಇತ್ತೀಚಿನವರೆಗೆ ನಡೆಯಿತು. 2023ರಲ್ಲಿ ರಾಜ್ಯದ ಪರಿಸರ ಇಲಾಖೆ ಇದನ್ನು ನಿಲ್ಲಿಸಲು ಆದೇಶ ಹೊರಡಿಸಿತು, 2024ರ ಬೇಸಿಗೆಯಲ್ಲಿ ಭಾನುವಾರ ಬೆಳಗ್ಗೆಯೂ ತೆರೆದಿತ್ತು. ಮದ್ಯ ಮಾರಾಟ ಮೊದಲಿನಿಂದಲೂ ಇಲ್ಲ.

ಬೀದರ್_ಬಂಧು:
ಇಲ್ಲಿ ಯಾರೂ ಹೇಳದ ಒಂದು ಎಳೆ ಇದೆ. ಓಶನ್ ಗ್ರೋವ್‌ಗೆ ಜಾಗ ಆರಿಸಿದ ಓಸ್ಬರ್ನ್ 1870ರ ದಶಕದಲ್ಲಿ ಭಾರತಕ್ಕೆ ಬಂದು ವಿಲಿಯಂ ಟೇಲರ್ ಅವರ ಜೊತೆ ಮೆಥೋಡಿಸ್ಟ್ ಸಭೆಯ ಕೆಲಸ ಮಾಡಿದವರು. ಟೇಲರ್ ಅದೇ ದಶಕದಲ್ಲಿ ಬೆಂಗಳೂರಿನಲ್ಲೂ ಸಭೆ ಕಟ್ಟಿದರು, 1880ರಲ್ಲಿ ಶುರುವಾದ ಬಾಲ್ಡ್ವಿನ್ ಶಾಲೆಗಳು ಆ ಸಭೆಯ ಬಳ್ಳಿಯವೇ.

ಬಟ್ಟೆಯ ಗುಡಾರದ ಕುಟುಂಬ ಶಿಬಿರ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ತೆಲಂಗಾಣದ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ 1923ರಿಂದ ಮೆಥೋಡಿಸ್ಟ್ ಕ್ರೈಸ್ತ ಜಾತ್ರೆ ನಡೆಯುತ್ತಿದೆ, ಪ್ರತಿ ನವೆಂಬರಿನಲ್ಲಿ. ಬೀದರ್, ಕಲಬುರಗಿ ಕಡೆಯ ಸಭೆಗಳವರೂ ಸಂಸಾರ ಸಮೇತ ಹೋಗಿ ಡೇರೆ ಹೊಡೆದು ಉಳಿಯುತ್ತಾರೆ. ಕ್ಯಾಂಪ್ ಮೀಟಿಂಗ್ ಎಂಬ ಮಾತಿಗೆ ನಮ್ಮವರು ಜಾತ್ರೆ ಎಂದು ಹೆಸರಿಟ್ಟದ್ದು ಎಷ್ಟು ಸರಿಯಾಗಿದೆ ನೋಡಿ.

ಗೂಟಹಗ್ಗ:
ನವೆಂಬರ್ ಆರಿಸಿದ್ದಕ್ಕೂ ಅರ್ಥ ಇದೆ, ಬಂಧುಗಳೇ. ಮುಂಗಾರು ಮುಗಿದಿರುತ್ತದೆ, ಹೊಳೆಹಳ್ಳದಲ್ಲಿ ಇನ್ನೂ ನೀರು ಇರುತ್ತದೆ, ಬಟ್ಟೆ ಒಣಗಿಸಿ ಮಡಚಬಹುದು. ಆದರೆ ಆ ಹೊತ್ತಿನ ಇಬ್ಬನಿ ಮರೆಯಬಾರದು. ಬೆಳಗ್ಗೆ ಹತ್ತು ಗಂಟೆಗೆ ಮುಂಚೆ ಡೇರೆ ಬಿಚ್ಚಿ ಸುತ್ತಿದರೆ ಇಬ್ಬನಿಯನ್ನೇ ಸುತ್ತಿ ಮನೆಗೆ ಒಯ್ದಂತೆ.

ಜಗಲಿಕಟ್ಟೆ:
ತುಂಬಾ ಉಪಯೋಗವಾಯಿತು. ಕೊನೆಗೆ, ಗುಡಾರ ಸಿಗದವರು ಒಂದೆರಡು ದಿನಕ್ಕೆ ಹೋದರೆ ಕುಟುಂಬಕ್ಕೆ ಏನೇನು ಸೌಕರ್ಯ ಇದೆ? ಹೋಗುವುದು ಹೇಗೆ?

ಕರಾವಳಿ_ಜೆರ್ಸಿ:
ನ್ಯೂಯಾರ್ಕ್ ಪೆನ್ ಸ್ಟೇಷನ್ನಿನಿಂದ ನಾರ್ತ್ ಜೆರ್ಸಿ ಕೋಸ್ಟ್ ಲೈನ್ ರೈಲು, ಇಳಿಯುವುದು ಆಸ್ಬರಿ ಪಾರ್ಕ್. ಹೆಚ್ಚಿನ ಗಾಡಿಗಳಿಗೆ ಲಾಂಗ್ ಬ್ರಾಂಚ್‌ನಲ್ಲಿ ಬದಲಾಯಿಸಬೇಕು, ಏಕೆಂದರೆ ವಿದ್ಯುತ್ ತಂತಿ ಅಲ್ಲಿಗೇ ಮುಗಿಯುತ್ತದೆ, ಮುಂದೆ ಡೀಸೆಲ್. ಸ್ಟೇಷನ್ನಿನಿಂದ ಸಭಾಭವನಕ್ಕೆ ನಡೆದೇ ಹೋಗಬಹುದು, ಮಕ್ಕಳಿದ್ದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಎಡಿಸನ್ ಕಡೆಯ ಕನ್ನಡಿಗರು ಕಾರಲ್ಲಿ ಬರುವುದಾದರೆ ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು 100ನೇ ಎಕ್ಸಿಟ್. 30 ಅಡಿ ಸೈಟಿನ ಊರಿನಲ್ಲಿ ಕಾರಿಗೆಂದು ಯಾರೂ ಜಾಗ ಬಿಟ್ಟಿರಲಿಲ್ಲ, ಬೇಸಿಗೆಯ ಶನಿವಾರ ಭಾನುವಾರ ಪಾರ್ಕಿಂಗ್ ಸಿಗುವುದು ಕಷ್ಟ. ಬೆಳಗ್ಗೆ ಬೇಗ ಬನ್ನಿ, ಇಲ್ಲವೇ ಆಸ್ಬರಿ ಪಾರ್ಕಿನಲ್ಲಿ ನಿಲ್ಲಿಸಿ ವೆಸ್ಲಿ ಕೆರೆಯ ಕಾಲುಸೇತುವೆ ದಾಟಿ.

ಉಳಿಯಲು ಹಳೆಯ ಮರದ ವಸತಿಗೃಹಗಳಿವೆ. ಬುಕ್ ಮಾಡುವಾಗ ಎರಡು ವಿಷಯ ಕೇಳಿ: ಲಿಫ್ಟ್ ಇದೆಯೇ, ಕೋಣೆಗೇ ಸ್ನಾನದ ಮನೆ ಇದೆಯೇ. ಹತ್ತೊಂಬತ್ತನೇ ಶತಮಾನದ ಕಟ್ಟಡಗಳಲ್ಲಿ ಮೆಟ್ಟಿಲು ಕಡಿದು, ಮೊಣಕಾಲು ನೋವಿನ ಹಿರಿಯರಿಗೆ ಮೂರನೇ ಮಹಡಿ ಆಗದು. ಕಟ್ಟಡಗಳೆಲ್ಲ ಮರದವು, ಒಂದಕ್ಕೊಂದು ಅಂಟಿಕೊಂಡಂತೆ ಇವೆ. 2011ರಲ್ಲಿ ಒಂದು ವಸತಿಗೃಹಕ್ಕೆ ಹತ್ತಿದ ಬೆಂಕಿ ಪಕ್ಕದ ಮನೆಗಳನ್ನೂ ತಿಂದಿತು. ಕೋಣೆಯೊಳಗೆ ಊದುಬತ್ತಿ, ಎಲೆಕ್ಟ್ರಿಕ್ ಒಲೆ ಬೇಡ.

ಬೇಸಿಗೆಯ ಭಾನುವಾರ ಬೆಳಗ್ಗೆ ಮತ್ತು ಸಂಜೆ ಗ್ರೇಟ್ ಆಡಿಟೋರಿಯಂನಲ್ಲಿ ಆರಾಧನೆ, ಯಾರು ಬೇಕಾದರೂ ಬರಬಹುದು. ವಾರದ ದಿನ ಬೈಬಲ್ ಅಧ್ಯಯನ ನಡೆಯುವುದು ಪಕ್ಕದ ಬಿಷಪ್ ಜೇನ್ಸ್ ಟ್ಯಾಬರ್ನಾಕಲ್‌ನಲ್ಲಿ, 1877ರ ಕಟ್ಟಡ. ಅದರ ಹತ್ತಿರವೇ 1889ರ ಥಾರ್ನ್‌ಲಿ ಚಾಪೆಲ್. 1955ರಿಂದ ಪ್ರತಿ ಜುಲೈನಲ್ಲಿ ನಡೆಯುವ ಗಾಯನ ಉತ್ಸವಕ್ಕೆ ಬೇರೆ ಬೇರೆ ಸಭೆಗಳ ಗಾಯಕರು ಸೇರುತ್ತಾರೆ. ಮೂಲ ಕ್ಯಾಂಪ್ ಮೀಟಿಂಗ್ ಬರುವುದು ಬೇಸಿಗೆಯ ಕೊನೆಗೆ. ದಂಡೆಗೆ ಇಳಿಯಲು ಸೀಸನ್ನಿನಲ್ಲಿ ಬ್ಯಾಡ್ಜ್ ಕೊಳ್ಳಬೇಕು.

ಗುಡಾರದ ಬೀದಿಗಳಲ್ಲಿ ಓಡಾಡುವಾಗ ಒಂದು ಗಮನ. ನಡೆಯುವ ದಾರಿಗೂ ಅವರ ಮುಂಜಗಲಿಗೂ ಎರಡು ಮೂರು ಹೆಜ್ಜೆ ಅಂತರ ಅಷ್ಟೇ, ಬಟ್ಟೆಯ ಸೆರಗು ಸರಿಸಿದ್ದರೆ ಮಂಚದವರೆಗೂ ಕಾಣುತ್ತದೆ. ಮಾತಾಡಿಸಿದರೆ ಹೆಚ್ಚಿನವರು ಖುಷಿಯಿಂದ ಮಾತಾಡುತ್ತಾರೆ, ಆದರೆ ಕೇಳದೆ ಕ್ಯಾಮೆರಾ ಒಳಗೆ ತೂರಿಸಬೇಡಿ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಲ್ಲಿ ಮಕ್ಕಳು ಮಲಗಿರುತ್ತಾರೆ, ಬಟ್ಟೆಯ ಗೋಡೆ ಸದ್ದು ತಡೆಯುವುದಿಲ್ಲ.